ಸರಿದ ಗೆರೆ

ಸೋಮವಾರ ಬೆಳಿಗ್ಗೆ ಠಾಣೆಯ ನೆಲ ಒರೆಸಿದ್ದು ಇನ್ನೂ ಆರಿರಲಿಲ್ಲ. ಅಂದಿನ ಮೊದಲ ದೂರು ತಂದವಳು ಪೊಲೀಸಿನವಳೇ. ಮೈಮೇಲೆ ಸಮವಸ್ತ್ರವಿರಲಿಲ್ಲ, ಅಮಾನತಿನಲ್ಲಿರುವವರು ಅದನ್ನು ಹಾಕುವಂತಿಲ್ಲ. ಮೀಸೆ ಎಂದೇ ಎಲ್ಲರೂ ಕರೆಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಅವಳನ್ನು ನೋಡಿದೊಡನೆ ಗುರುತು ಹಿಡಿದ. ಮೂರು ದಿನದಿಂದ ಊರಿನ ಪತ್ರಿಕೆಗಳಲ್ಲೆಲ್ಲ ಅವಳದೇ ಮುಖ. ವಿಶೇಷ ದಳದ ಶೂಟರ್. ಅಭ್ಯಾಸದಲ್ಲಿ ಹೊಡೆದ ಗುಂಡುಗಳೆಲ್ಲ ಒಂದೇ ಚುಕ್ಕಿಯೊಳಗೆ ಬೀಳುತ್ತಿದ್ದವೆಂದು ದಳದವರು ಅವಳನ್ನು ಚುಕ್ಕಿ ಎಂದೇ ಕರೆಯುತ್ತಿದ್ದರು.

ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

"ದೂರು ಕೊಡ್ಬೇಕು ಸರ್."

"ಯಾರ ಮೇಲೆ?"

"ಗೊತ್ತಿಲ್ಲ. ಅದನ್ನ ಕಂಡುಹಿಡಿಯೋದು ನಿಮ್ಮ ಕೆಲಸ."

"ಏನಾಗಿದೆ?"

"ನನ್ನ ರೈಫಲ್ಲಿನ ಸ್ಕೋಪಿಗೆ ಯಾರೋ ಕೈ ಹಾಕಿದ್ದಾರೆ."

ಮೀಸೆ ಕೆಮ್ಮಿದ. ನಗು ತಡೆಯಲು ಅವನು ಬಳಸುತ್ತಿದ್ದ ಉಪಾಯ ಅದು. ಚುಕ್ಕಿ ಅವನತ್ತ ತಿರುಗಿದಳು. "ನಗಬೇಕಾದ್ರೆ ನಕ್ಕುಬಿಡಿ ಅಣ್ಣ. ನಕ್ಕಾದ ಮೇಲೆ ಬರೆದುಕೊಳ್ಳಿ. ನಾನಂತೂ ಬರೆಸದೆ ಹೋಗಲ್ಲ."

ನಡೆದದ್ದು ಊರಿಗೆಲ್ಲ ಗೊತ್ತಿತ್ತು. ಹಿಂದಿನ ಗುರುವಾರ ಮಧ್ಯಾಹ್ನ ಮಾರುಕಟ್ಟೆ ರಸ್ತೆಯ ಬ್ಯಾಂಕಿಗೆ ನುಗ್ಗಿದವನೊಬ್ಬ ಹೊರಗೆ ಬರುವಷ್ಟರಲ್ಲಿ ಪೊಲೀಸರು ಸುತ್ತುವರಿದಿದ್ದರು. ಅವನು ಕ್ಯಾಷಿಯರ್ ಹೆಂಗಸಿನ ಕುತ್ತಿಗೆಗೆ ಚಾಕು ಹಿಡಿದು ಬಾಗಿಲಲ್ಲಿ ನಿಂತ. ಎದುರಿನ ಕಟ್ಟಡದ ತಾರಸಿಯ ಮೇಲೆ ಚುಕ್ಕಿ ಮಲಗಿದ್ದಳು. ನೂರು ಮೀಟರಿನ ದೂರ. ಅಪ್ಪಣೆ ಬಂತು. ಅವನ ಭುಜಕ್ಕೆ ಗುರಿಯಿಟ್ಟ ಗುಂಡು ಮೂರು ಬೆರಳಷ್ಟು ಪಕ್ಕಕ್ಕೆ ಸರಿದು ಕ್ಯಾಷಿಯರಮ್ಮನ ಭುಜವನ್ನು ಹರಿದುಕೊಂಡು ಹೋಯಿತು. ಸದ್ದಿಗೆ ಬೆಚ್ಚಿ ಅವನು ಚಾಕು ಬಿಟ್ಟ, ಸಿಕ್ಕಿಬಿದ್ದ. ಅದೇ ಸಂಜೆ ಅಮಾನತಿನ ಆದೇಶ ಬಂತು. ಕಾರಣದ ಜಾಗದಲ್ಲಿ ಒಂದೇ ಪದ: ಅಜಾಗರೂಕತೆ.

"ಕೈ ಹಾಕಿದ್ದಾರೆ ಅಂತ ಹೇಗೆ ಹೇಳ್ತೀಯಮ್ಮ?" ಇನ್‌ಸ್ಪೆಕ್ಟರ್ ಕೇಳಿದರು.

"ರೈಫಲ್ ಮರಳುಚೀಲದ ಮೇಲಿತ್ತು. ಅಲ್ಲಾಡಲಿಲ್ಲ. ಕೊನೇ ಗಳಿಗೇಲಿ ನನ್ನ ಕೆನ್ನೆ ಒಂಚೂರು ಜಾರಿತು. ಕೆನ್ನೆ ಜಾರಿದಾಗ ಸ್ಕೋಪಿನೊಳಗಿನ ಗೆರೆ ಅವನ ಭುಜದ ಮೇಲೆ ಜಾರಿತು. ಹಾಗೆ ಜಾರಬಾರದು. ಅದು ನನ್ನ ತಲೆಗೆ ಹೊಳೆದದ್ದು ಬೆರಳು ಒತ್ತಿದ ಮೇಲೆ."

"ಅರ್ಥವಾಗಲಿಲ್ಲ."

ಅವಳು ತೋರುಬೆರಳು ಎತ್ತಿದಳು. "ಬೆರಳು ಹೀಗೆ ಹಿಡೀರಿ. ಒಂದು ಕಣ್ಣು ಮುಚ್ಚಿ. ಆ ಗೋಡೆಯ ಸ್ವಿಚ್ಚಿಗೆ ಸರಿಯಾಗಿ ಬೆರಳು ಇಡಿ. ಈಗ ತಲೆ ಮಾತ್ರ ಅಲ್ಲಾಡಿಸಿ."

ಇನ್‌ಸ್ಪೆಕ್ಟರ್ ಅಲ್ಲಾಡಿಸಿದರು. ಹಿಂದೆ ನಿಂತು ಮೀಸೆಯೂ ಅಲ್ಲಾಡಿಸಿದ. ಬೆರಳು ಸ್ವಿಚ್ಚನ್ನು ಬಿಟ್ಟು ಅತ್ತ ಕಿಟಕಿಗೆ, ಇತ್ತ ಕಪಾಟಿಗೆ ಓಡಾಡಿತು.

"ಅದೇ ಬೆರಳನ್ನ ಸ್ವಿಚ್ಚಿನ ಮೇಲೇ ಒತ್ತಿ ಹಿಡಿದ್ರೆ ತಲೆ ಎಷ್ಟು ಅಲ್ಲಾಡಿಸಿದ್ರೂ ಜಾಗ ಬಿಡಲ್ಲ. ಸ್ಕೋಪಿನ ಪಕ್ಕ ಒಂದು ಗುಂಡಿ ಇರತ್ತೆ, ಅದರ ಕೆಲಸ ಅಷ್ಟೇ. ದೂರದ ಚಿತ್ರವನ್ನ ತಂದು ಗೆರೆಗೆ ಅಂಟಿಸೋದು. ಅಂಟದೇ ಹೋದ್ರೆ ಅದಕ್ಕೆ ಪ್ಯಾರಲಾಕ್ಸ್ ಅಂತೀವಿ. ಬುಧವಾರ ಸಂಜೆ ನಾನೇ ನೋಡಿ ಇಟ್ಟಿದ್ದೆ, ಅಂಟಿತ್ತು. ಗುರುವಾರ ಗುಂಡಿ ನೂರಕ್ಕೆ ತಿರುಗಿಸಿದೆ, ಚಿತ್ರ ಸ್ಪಷ್ಟ ಕಂಡಿತು. ಆದ್ರೆ ಅಂಟಿರಲಿಲ್ಲ."

"ನೀನು ಪರೀಕ್ಷೆ ಮಾಡಲಿಲ್ಲವಾ?"

"ಇಲ್ಲ. ತಲೆ ಆಡಿಸಿ ನೋಡೋಷ್ಟು ಸಮಯ ಇರಲಿಲ್ಲ. ಅಂಕಿ ನಂಬಿದೆ. ಆ ಪಾಲು ನನ್ನದು ಅಂತಲೇ ಬರ್ಕೊಳಿ. ಉಳಿದ ಪಾಲು ಯಾರದು ಅಂತ ನನಗೆ ಬೇಕು."

ಇನ್‌ಸ್ಪೆಕ್ಟರ್ ದೂರು ಬರೆದುಕೊಂಡು ಮುಗಿಸುವಷ್ಟರಲ್ಲಿ ಫೋನು ಬಂತು. ದೊಡ್ಡ ಸಾಹೇಬರಿಗೆ ಸುದ್ದಿ ಹೇಗೋ ಮುಟ್ಟಿತ್ತು. ಇಲಾಖೆಯ ಮೇಲೆ ಇಲಾಖೆಯವಳೇ ದೂರು ಕೊಡುವುದೇನು, ಅದನ್ನು ನೀವು ತೆಗೆದುಕೊಳ್ಳುವುದೇನು, ಪತ್ರಿಕೆಯವರ ಕೈಗೆ ಕೋಲು ಕೊಡುತ್ತೀರಾ ಎಂದು ಅವರು ಒಂದೇ ಉಸಿರಿಗೆ ಕೇಳಿದರು.

"ಸರ್, ದೂರು ಬರವಣಿಗೆಯಲ್ಲಿದೆ," ಇನ್‌ಸ್ಪೆಕ್ಟರ್ ಹೇಳಿದರು. "ಬೇಡ ಅನ್ನೋದನ್ನೂ ಬರವಣಿಗೆಯಲ್ಲಿ ಕಳಿಸಿ. ಆಗ ನಿಲ್ಲಿಸ್ತೀನಿ."

ಆ ಕಡೆ ಫೋನು ಇಟ್ಟ ಸದ್ದು ಮೀಸೆಗೂ ಕೇಳಿಸಿತು. ಮಧ್ಯಾಹ್ನದ ಊಟಕ್ಕೆ ಮೊದಲು ಎಫ್‌ಐಆರ್ ದಾಖಲಾಯಿತು.

ಆಸ್ಪತ್ರೆಯಲ್ಲಿ ಕ್ಯಾಷಿಯರಮ್ಮ ದಿಂಬಿಗೆ ಒರಗಿ ಕೂತಿದ್ದರು. ಎಡಗೈಗೆ ಪಟ್ಟಿ. ಮಂಚದ ಪಕ್ಕದ ಮೇಜಿನ ಮೇಲೆ ಒಂದು ಟೈಪ್ ಮಾಡಿದ ಹಾಳೆ ಮಡಚಿಟ್ಟಿತ್ತು.

"ನಿಮ್ಮೋರೇ ತಂದಿಟ್ಟು ಹೋದ್ರು," ಅವರು ಹೇಳಿದರು. "ಇಲಾಖೆ ತೆಗೆದುಕೊಂಡ ಕ್ರಮದಿಂದ ನನಗೆ ತೃಪ್ತಿಯಾಗಿದೆ ಅಂತ ಸಹಿ ಹಾಕ್ಬೇಕಂತೆ. ಬಲಗೈ ಚೆನ್ನಾಗೇ ಇದೆ, ಆದ್ರೂ ಹಾಕಲ್ಲ ಅಂದೆ."

"ಯಾಕಮ್ಮ?"

"ಆ ಹುಡುಗಿ ನನ್ನ ಭುಜಕ್ಕೆ ಹೊಡೆದಳು ಅಂತ ಪೇಪರಿನ ಮೊದಲ ಪುಟದಲ್ಲಿ ಬಂತು. ಅವನ ಚಾಕು ನನ್ನ ಗಂಟಲಿಗೆ ಇತ್ತು ಅನ್ನೋದು ಒಳಗಿನ ಪುಟದಲ್ಲಿ ಬಂತು. ಈ ಕೈ ಇನ್ನು ಮೇಲೆ ಏಳತ್ತೋ ಇಲ್ಲವೋ ಡಾಕ್ಟರಿಗೇ ಗೊತ್ತಿಲ್ಲ. ಏನಾಯ್ತು ಅಂತ ಸರಿಯಾಗಿ ಹೇಳೋತನಕ ನಾನು ತೃಪ್ತಿ ಗಿಪ್ತಿ ಅಂತ ಬರೆದುಕೊಡೋಳಲ್ಲ. ಅವಳನ್ನ ಬೈಯಬೇಕಾದ್ರೆ ನಾನೇ ಬೈತೀನಿ. ನನ್ನ ಪರವಾಗಿ ನೀವು ಬೈಯೋದು ಬೇಡ."

ಗುಂಡು ಹಾರಿದ ತಕ್ಷಣ ದಳದ ಅಧಿಕಾರಿ ತಾರಸಿಯ ಮೇಲೆಯೇ ರೈಫಲ್ಲನ್ನು ಪೆಟ್ಟಿಗೆಗೆ ಹಾಕಿ ಮೊಹರು ಒತ್ತಿದ್ದರು. ನಿಯಮವೇ ಹಾಗೆ. ಆ ನಿಯಮ ಚುಕ್ಕಿಯನ್ನು ಉಳಿಸಿತು. ಆಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ದೂರು ದಾಖಲಾದ ಮರುದಿನ ಅಭ್ಯಾಸದ ಮೈದಾನದಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬ ಮತ್ತು ಶಾಲೆಯ ಮೇಷ್ಟ್ರೊಬ್ಬರು ಪಂಚರಾಗಿ ಬಂದರು. ಶಸ್ತ್ರಾಗಾರದ ಹವಾಲ್ದಾರ ಪೆಟ್ಟಿಗೆ ತಂದ. ಮೊಹರು ಒಡೆಯದೆ ಇದ್ದದ್ದನ್ನು ಪಂಚರು ನೋಡಿದರು. ಮೀಸೆ ಪಂಚನಾಮೆ ಬರೆಯತೊಡಗಿದ.

ರೈಫಲ್ಲನ್ನು ಮರಳುಚೀಲಗಳ ನಡುವೆ ಬಿಗಿದು, ನೂರು ಮೀಟರಿನ ಬಿಳಿ ಹಲಗೆಯತ್ತ ಇಟ್ಟರು. ಗುಂಡಿಯ ಅಂಕಿ ನೂರರಲ್ಲೇ ನಿಂತಿತ್ತು. ಇನ್‌ಸ್ಪೆಕ್ಟರ್ ಕನ್ನಡಕ ಹಾಕಿಕೊಂಡೇ ಬಗ್ಗಿ ಕಣ್ಣಿಟ್ಟರು. ಎಲ್ಲ ಮಂಜು. ಗೆರೆಯೂ ಮಂಜು, ಹಲಗೆಯೂ ಮಂಜು. ಸುಮಾರು ಅವರದೇ ವಯಸ್ಸಿನ ಹವಾಲ್ದಾರ ನೋಡಿದ. "ನನಗೂ ಹೀಗೇ ಸರ್. ನೀರೊಳಗೆ ನೋಡಿದ ಹಾಗೆ." ಮೇಷ್ಟ್ರೂ ಅದನ್ನೇ ಹೇಳಿದರು. ಗಡಿಯಾರದವನಿಗೆ ಇನ್ನೂ ಮೂವತ್ತು ದಾಟಿರಲಿಲ್ಲ. ಅವನು ನೋಡಿ, "ಎಷ್ಟು ಚೆನ್ನಾಗಿ ಕಾಣ್ತಿದೆಯಲ್ಲ!" ಅಂದ. ಒಂದೆರಡು ನಿಮಿಷ ನೋಡಿದ ಮೇಲೆ ಕಣ್ಣು ಉಜ್ಜಿಕೊಂಡ.

"ತಲೆ ಮೇಲೆ ಕೆಳಗೆ ಆಡಿಸಪ್ಪ," ಇನ್‌ಸ್ಪೆಕ್ಟರ್ ಹೇಳಿದರು. "ರೈಫಲ್ ಮುಟ್ಟಬೇಡ."

ಅವನು ಆಡಿಸಿದ. "ಗೆರೆ ಓಡಾಡ್ತಿದೆ ಸರ್. ಹಲಗೆಯ ಮೇಲಿನ ಕಪ್ಪು ಚುಕ್ಕಿಯಿಂದ ಹೊರಗೆ ಹೋಗಿ ಬರ್ತಿದೆ."

ಮೀಸೆ ಅದನ್ನು ಹಾಗೆಯೇ ಬರೆದುಕೊಂಡ. ಈ ಸಲ ಅವನು ಕೆಮ್ಮಲಿಲ್ಲ.

ಹವಾಲ್ದಾರ ಗುಂಡಿಯ ಮುಚ್ಚಳವನ್ನು ಬಿಚ್ಚಿ ತೋರಿಸಿದ. ಅಂಕಿಗಳು ಕೆತ್ತಿದ್ದ ಬಳೆಯನ್ನು ಮೂರು ಪುಟ್ಟ ತಿರುಪುಗಳು ಹಿಡಿದಿದ್ದವು. ಮೂರರ ತಲೆಯಲ್ಲೂ ಹೊಸ ಗೀರುಗಳು, ಹೊಳೆಯುತ್ತಿದ್ದವು. ಯಾರೋ ತಿರುಪು ಸಡಿಲಿಸಿ, ಬಳೆಯನ್ನು ಮಾತ್ರ ಸರಿಸಿ, ಮತ್ತೆ ಬಿಗಿದಿದ್ದರು. ಹೊರಗೆ ನೂರು ಎಂದು ತೋರಿಸುವಾಗ ಒಳಗಿನ ಗಾಜು ಅದರ ಅರ್ಧ ದೂರಕ್ಕೂ ಹೊಂದಿರಲಿಲ್ಲ. ಹಾಗಿದ್ದೂ ಚಿತ್ರ ಮಂಜಾಗಿ ಅನುಮಾನ ಬರಬಾರದೆಂದು ಕಣ್ಣಿಡುವ ಕಡೆಯ ಉಂಗುರವನ್ನೂ ತಿರುಗಿಸಿ ಹೊಂದಿಸಿದ್ದರು.

"ಇದು ಬೀದಿಯಲ್ಲಿ ಹೋಗೋನ ಕೆಲಸ ಅಲ್ಲ," ಹವಾಲ್ದಾರ ಹೇಳಿದ. ಹೇಳಿದ ಮೇಲೆ ಅವನಿಗೇ ಹೊಳೆಯಿತು. "ಸರ್, ಬೀಗದ ಕೈ ನನ್ನ ಹತ್ರ ಇರತ್ತೆ. ಹಾಗಂತ ನನ್ನ ಕೊರಳಿಗೆ ಕಟ್ಟಬೇಡಿ. ಕಟ್ಟಿದ್ರೆ ಕೋರ್ಟಿನ ತನಕ ಬರ್ತೀನಿ, ಬಿಡಲ್ಲ."

ಸಂಜೆ ದೊಡ್ಡ ಸಾಹೇಬರು ತಾವೇ ಕರೆಸಿದರು. ಈಗ ಅವರ ರಾಗ ಬದಲಾಗಿತ್ತು. ಕೀಲಿ ಹವಾಲ್ದಾರನದು, ತಿರುಪು ಬಿಚ್ಚುವ ಸಾಮಾನೂ ಅವನದು, ಒಳಗೆ ಹಾಕಿ ಕೈ ತೊಳೆದುಕೊಳ್ಳಿ ಎಂದರು.

"ಅವನಿಗೆ ಏನು ಲಾಭ ಸರ್?"

"ಲಾಭ ಆಮೇಲೆ ಹುಡುಕಿ."

"ಮೊದಲು ಹುಡುಕ್ತೀನಿ ಸರ್," ಎಂದು ಇನ್‌ಸ್ಪೆಕ್ಟರ್ ಸಲ್ಯೂಟ್ ಹೊಡೆದು ಹೊರಗೆ ಬಂದರು.

ಶಸ್ತ್ರಾಗಾರಕ್ಕೆ ಹೋಗಿಬಂದವರ ಪುಸ್ತಕದಲ್ಲಿ ಏನೂ ಸಿಗಲಿಲ್ಲ. ದಳದವರೆಲ್ಲ ದಿನವೂ ಹೋಗಿ ಬರುವವರೇ. ಸಿಕ್ಕಿದ್ದು ಚುಕ್ಕಿಯ ಬಾಯಲ್ಲಿ. ಘಟನೆಯ ಮರುದಿನ, ಶುಕ್ರವಾರ, ದಳದ ವರ್ಷದ ಆಯ್ಕೆಯ ಪರೀಕ್ಷೆ ನಡೆಯಬೇಕಿತ್ತು. ಗೆದ್ದವರು ದಳದ ಮೊದಲ ಶೂಟರ್. ಇಪ್ಪತ್ತು ವರ್ಷದಿಂದ ಆ ಜಾಗ ಹದ್ದಣ್ಣನದು.

ಹದ್ದಣ್ಣ ಎಂದರೆ ದಳದ ಹಿರಿಯ ಶೂಟರ್. ಇನ್ನೊಬ್ಬರಿಗೆ ಕಾಣದ್ದು ಅವನಿಗೆ ಕಾಣುತ್ತದೆಂದು ಯಾರೋ ಇಟ್ಟ ಹೆಸರು ಅದು. ಚುಕ್ಕಿಗೆ ರೈಫಲ್ ಹಿಡಿಯಲು ಕಲಿಸಿದವನೂ ಅವನೇ.

"ಅವನ ಮೇಲೆ ಅನುಮಾನವಾ?" ಇನ್‌ಸ್ಪೆಕ್ಟರ್ ಕೇಳಿದರು.

"ಇಲ್ಲ," ಚುಕ್ಕಿ ಥಟ್ಟನೆ ಹೇಳಿದಳು. ಆಮೇಲೆ, "ಕೇಳಬೇಕಾದವರನ್ನೆಲ್ಲ ಕೇಳಿ. ಅಣ್ಣ ಅಂತ ನಾನು ಕರೀತೀನಿ ಅಂತ ಬಿಡಬೇಡಿ," ಅಂದಳು.

ಹದ್ದಣ್ಣ ದಳದ ಕೋಣೆಯಲ್ಲಿ ಬೆಂಚಿನ ಮೇಲೆ ಕೂತು ಪತ್ರಿಕೆ ಓದುತ್ತಿದ್ದ. ಜಾಹೀರಾತಿನ ಸಣ್ಣ ಅಕ್ಷರಗಳನ್ನು, ಬರಿಗಣ್ಣಿನಲ್ಲಿ. ನಲವತ್ತೆಂಟಕ್ಕೇ ಕನ್ನಡಕ ಹುಡುಕುವ ಇನ್‌ಸ್ಪೆಕ್ಟರರಿಗೆ ಹೊಟ್ಟೆ ಉರಿಯಿತು.

"ಗುರುವಾರ ಬೆಳಿಗ್ಗೆ ಶಸ್ತ್ರಾಗಾರಕ್ಕೆ ಹೋಗಿದ್ರಾ?"

"ಹೋಗಿದ್ದೆ. ನನ್ನ ರೈಫಲ್ ಒರೆಸೋಕೆ."

"ಅವಳ ರೈಫಲ್?"

"ಪಕ್ಕದ ಗೂಡಲ್ಲಿ ಇತ್ತು. ಅವಳದು ನಾನ್ಯಾಕೆ ಮುಟ್ಲಿ?"

"ಘಟನೆಯ ಹೊತ್ತಿಗೆ ಎಲ್ಲಿದ್ರಿ?"

"ಕಂಟ್ರೋಲ್ ರೂಮಲ್ಲಿ, ವೈರ್‌ಲೆಸ್ ಮುಂದೆ. ಹಿರಿಯ ಅಂತ ಕೂರಿಸಿದ್ರು." ಅವನು ಪತ್ರಿಕೆ ಮಡಚಿದ. "ನೋಡಿ ಸಾಹೇಬ್ರೆ, ಗುರಿ ತಪ್ಪಿದವರೆಲ್ಲ ಬಂದೂಕನ್ನೇ ಬೈಯೋದು. ಹುಡುಗಿ ಒಳ್ಳೆಯವಳು. ಹೆದರಿದಳು, ಅಷ್ಟೇ. ನಾನಾಗಿದ್ರೆ ಹೆದರ್ತಿರಲಿಲ್ಲ. ಐವತ್ತಾರಾಯ್ತು, ಇವತ್ತಿಗೂ ಕನ್ನಡಕ ಮುಟ್ಟಿಲ್ಲ."

ಆ ಮಾತು ಇನ್‌ಸ್ಪೆಕ್ಟರರ ತಲೆಯಲ್ಲಿ ಉಳಿಯಿತು. ಯಾಕೆಂದು ಅವರಿಗೇ ಗೊತ್ತಾಗಲಿಲ್ಲ. ಮರುದಿನ ಅವರು ಪಂಚನಾಮೆಯ ಪ್ರತಿ ಹಿಡಿದು ಸರ್ಕಾರಿ ಆಸ್ಪತ್ರೆಯ ಕಣ್ಣಿನ ಡಾಕ್ಟರಮ್ಮನ ಮುಂದೆ ಕೂತರು. ಒಂದೇ ಸ್ಕೋಪು ಎಳೆಯವರಿಗೆ ಸ್ಪಷ್ಟ, ವಯಸ್ಸಾದವರಿಗೆ ಮಂಜು, ಹೇಗೆ ಎಂದು ಕೇಳಿದರು.

"ಎಳೆ ಕಣ್ಣು ಎಳೆದುಕೊಳ್ಳತ್ತೆ," ಡಾಕ್ಟರಮ್ಮ ಹೇಳಿದರು. "ಗಾಜು ಸ್ವಲ್ಪ ತಪ್ಪಿದ್ರೂ ಒಳಗಿನ ಸ್ನಾಯು ಬಿಗಿಮಾಡಿ ಸರಿಪಡಿಸಿಕೊಳ್ಳತ್ತೆ. ಅದಕ್ಕೇ ಆ ಹುಡುಗ ಕಣ್ಣು ಉಜ್ಜಿಕೊಂಡಿದ್ದು. ನಿಮ್ಮ ವಯಸ್ಸಿನೋರಿಗೆ ಆ ಶಕ್ತಿ ಹೋಗಿರತ್ತೆ. ಇದ್ದದ್ದು ಇದ್ದ ಹಾಗೆ ಕಾಣತ್ತೆ."

"ಹಾಗಾದ್ರೆ ಐವತ್ತು ದಾಟಿದೋರಿಗೆ ಇದು ಸ್ಪಷ್ಟ ಕಾಣೋಕೆ ಸಾಧ್ಯವೇ ಇಲ್ಲವಾ?"

"ಒಂದೇ ಥರದ ಕಣ್ಣಿಗೆ ಸಾಧ್ಯ. ಪೊರೆ ಬರೋಕೆ ಶುರುವಾದಾಗ ಕೆಲವರಿಗೆ ಹತ್ತಿರದ್ದು ಇದ್ದಕ್ಕಿದ್ದ ಹಾಗೆ ಚೆನ್ನಾಗಿ ಕಾಣತ್ತೆ, ದೂರದ್ದು ಮಸುಕಾಗತ್ತೆ. ಕನ್ನಡಕ ಬೇಡವೇ ಬೇಡ, ಪೇಪರು ಓದ್ತೀನಿ ಅಂತ ಹೆಮ್ಮೆಪಡ್ತಾರೆ ಪಾಪ. ಅಂಥವರು ಉಂಗುರವನ್ನ ತಮ್ಮ ಕಣ್ಣಿಗೆ ಸರಿಯಾಗಿ ತಿರುಗಿಸಿದ್ರೆ ಅದು ನಿಮಗೆ ಮಂಜಾಗತ್ತೆ."

ಇನ್‌ಸ್ಪೆಕ್ಟರ್ ಎದ್ದು ನಿಂತರು. ಡಾಕ್ಟರಮ್ಮ ಬಿಡಲಿಲ್ಲ, ಮೊದಲು ಅವರ ಕನ್ನಡಕದ ನಂಬರು ಬದಲಿಸಬೇಕೆಂದು ಚೀಟಿ ಬರೆದುಕೊಟ್ಟೇ ಕಳಿಸಿದರು.

ಶುಕ್ರವಾರ ಬೆಳಿಗ್ಗೆ ಅದೇ ಮೈದಾನ, ಅದೇ ಪಂಚರು. ಈ ಸಲ ಡಾಕ್ಟರಮ್ಮನೂ ಬಂದಿದ್ದರು. ಹಿರಿಯ ಶೂಟರ್ ಎಂದು ಹದ್ದಣ್ಣನ ಅಭಿಪ್ರಾಯ ಬೇಕೆಂದು ಹೇಳಿಕಳಿಸಿದ್ದರು. ಅವನು ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಬಂದ. ಚುಕ್ಕಿ ದೂರದಲ್ಲಿ ತಂತಿಬೇಲಿಯ ಆಚೆ ನಿಂತಿದ್ದಳು, ಒಳಗೆ ಬರುವಂತಿರಲಿಲ್ಲ.

"ಈ ಸ್ಕೋಪಲ್ಲಿ ಏನಾದ್ರೂ ದೋಷ ಇದೆಯಾ ನೋಡಿ ಹೇಳಿ," ಇನ್‌ಸ್ಪೆಕ್ಟರ್ ಹೇಳಿದರು.

ಹದ್ದಣ್ಣ ಮಲಗಿ ಕಣ್ಣಿಟ್ಟ. ಬಹಳ ಹೊತ್ತು ನೋಡಿದ. ಕಣ್ಣು ಉಜ್ಜಿಕೊಳ್ಳಲಿಲ್ಲ.

"ಏನೂ ಇಲ್ಲ. ಕನ್ನಡಿಯ ಹಾಗಿದೆ."

"ಗೆರೆ?"

"ಕೂದಲಿನ ಹಾಗೆ, ಚೂಪಾಗಿ."

"ಹಲಗೆಯ ಅಂಚು?"

"ಅದೂ ಚೂಪು. ಹೇಳಿದೆನಲ್ಲ ಸಾಹೇಬ್ರೆ, ಹುಡುಗಿ ಹೆದರಿದಳು."

ಮೀಸೆ ಬರೆದ. ಪಂಚರು ಕೇಳಿಸಿಕೊಂಡರು. ಇನ್‌ಸ್ಪೆಕ್ಟರ್ ಬಗ್ಗಿ ಹದ್ದಣ್ಣನ ಪಕ್ಕ ಕೂತರು.

"ನನಗೆ ಮಂಜು. ಹವಾಲ್ದಾರನಿಗೆ ಮಂಜು. ಮೇಷ್ಟ್ರಿಗೆ ಮಂಜು. ನಮ್ಮೆಲ್ಲರಿಗಿಂತ ದೊಡ್ಡೋರು ನೀವು, ನಿಮಗೆ ಮಾತ್ರ ಚೂಪು. ಎದ್ದು ನಿಂತು, ಸ್ಕೋಪು ಬಿಟ್ಟು, ಬರಿಗಣ್ಣಲ್ಲಿ ಆ ಗೇಟಿನ ಮೇಲೆ ಏನು ಬರೆದಿದೆ ಓದಿ."

ಗೇಟು ದೂರವೇನೂ ಇರಲಿಲ್ಲ. ಮೇಲೆ ಕೆಂಪು ಅಕ್ಷರದ ಫಲಕ. ಹದ್ದಣ್ಣ ಎದ್ದ. ಗೇಟಿನತ್ತ ನೋಡಿದ.

"ನಾನು ಓದಲ್ಲ."

"ಯಾಕೆ?"

"ಒಂದನೇ ಕ್ಲಾಸಿನ ಹುಡುಗನಾ ನಾನು? ಇಪ್ಪತ್ತು ವರ್ಷ ಈ ಊರಿನ ತಲೆಕಾದವನು ನಾನು. ಯಾರ ಮುಂದೆಯೂ ಬೋರ್ಡು ಓದಿ ತೋರಿಸಲ್ಲ."

"ಓದಬೇಡಿ. ನಿಮ್ಮ ಲಾಕರ್ ತೆಗೆದು ತೋರಿಸಿ."

ಅವನು ಅದಕ್ಕೂ ಆಗಲ್ಲವೆಂದ. ವಾರಂಟ್ ತೋರಿಸಿದ ಮೇಲೆ ಕೀಲಿಯನ್ನು ಇನ್‌ಸ್ಪೆಕ್ಟರರ ಕಾಲ ಬಳಿ ಎಸೆದ. ಲಾಕರಿನಲ್ಲಿ ಒಗೆದ ಬಟ್ಟೆಯ ಕೆಳಗೆ ತಿರುಪು ಬಿಚ್ಚುವ ಒಂದು ಚಿಕ್ಕ ಅಲೆನ್ ಕೀ ಸಿಕ್ಕಿತು. ಶಸ್ತ್ರಾಗಾರದ್ದಲ್ಲ, ಸ್ವಂತದ್ದು. ತುದಿ ಒಂದು ಕಡೆ ಸವೆದು ಮೊಂಡಾಗಿತ್ತು. ಅದನ್ನೂ ತಿರುಪುಗಳನ್ನೂ ಪ್ರಯೋಗಾಲಯಕ್ಕೆ ಕಳಿಸಿದರು. ಮರುವಾರ ವರದಿ ಬಂತು: ಗೀರುಗಳು ಈ ಕೀಯವೇ. ನ್ಯಾಯಾಲಯದ ಅಪ್ಪಣೆಯ ಮೇಲೆ ಡಾಕ್ಟರಮ್ಮ ಹದ್ದಣ್ಣನ ಕಣ್ಣು ಪರೀಕ್ಷಿಸಿದರು. ಸ್ಕೋಪಿನ ಉಂಗುರ ನಿಂತಿದ್ದ ಜಾಗವೂ ಅವನ ಬಲಗಣ್ಣಿನ ನಂಬರೂ ಒಂದಕ್ಕೊಂದು ಸರಿಯಾಗಿ ಹೊಂದಿದವು.

ಬಂಧಿಸಲು ಹೋದಾಗ ಹದ್ದಣ್ಣ ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದ. ಹೆಂಡತಿ ಬಾಗಿಲ ಹಿಂದೆ ನಿಂತು, "ಇವರಿಗೆ ಏನಾಗಿದೆ ಅಂತ ನನಗೂ ಹೇಳಲಿಲ್ಲ ಸಾರ್," ಎಂದು ಅಳುತ್ತಿದ್ದರು. ಅವನು ಅವರತ್ತ ತಿರುಗಿ ನೋಡಲಿಲ್ಲ. ಬಂಧನದ ಕಾಗದಕ್ಕೆ ಸಹಿ ಹಾಕಿದ. ಕೋಳ ಬೇಡವೆಂದು ಕೇಳಲಿಲ್ಲ, ಮೀಸೆಯೇ ಹಾಕಲಿಲ್ಲ.

ಠಾಣೆಯಲ್ಲಿ ಇಬ್ಬರು ಹೆಂಗಸರು ಕಾದಿದ್ದರು. ಕ್ಯಾಷಿಯರಮ್ಮ ಆಸ್ಪತ್ರೆಯಿಂದ ಬಿಡುಗಡೆಯಾಗಿ ನೇರ ಇಲ್ಲಿಗೇ ಬಂದಿದ್ದರು. ಅವರ ಪಕ್ಕದಲ್ಲಿ ಚುಕ್ಕಿ. ಅವರಿಬ್ಬರೂ ಏನು ಮಾತಾಡಿಕೊಂಡರೋ ಯಾರಿಗೂ ಗೊತ್ತಿಲ್ಲ. ಚುಕ್ಕಿಯ ಕಣ್ಣು ಮಾತ್ರ ಕೆಂಪಗಿತ್ತು.

ಹದ್ದಣ್ಣ ಚುಕ್ಕಿಯನ್ನು ನೋಡಿ ನಿಂತ. "ಪರೀಕ್ಷೆಯಲ್ಲಿ ನಿನಗೆ ನಾಲ್ಕು ಗುಂಡು ತಪ್ಪಲಿ ಅಂತಷ್ಟೇ ಮಾಡಿದ್ದು. ಮನುಷ್ಯರ ಮೇಲೆ ಅಂತ ಮಾಡಲಿಲ್ಲ."

"ಗೊತ್ತು," ಚುಕ್ಕಿ ಹೇಳಿದಳು. "ಮುಂದಿನ ವರ್ಷ ನಾನಾಗೇ ಬಿಟ್ಟುಕೊಡ್ತೀನಿ, ಈ ಒಂದು ವರ್ಷ ಬಿಡು ಅಂತ ನನ್ನನ್ನ ಕೇಳಬಹುದಿತ್ತಲ್ಲ?"

"ಕೊಡ್ತಿದ್ದೆಯಾ?"

"ಇಲ್ಲ. ನಿಮ್ಮ ಕೈ ಹಿಡಿದು ಕಣ್ಣಿನ ಡಾಕ್ಟರ ಹತ್ರ ಕರಕೊಂಡು ಹೋಗ್ತಿದ್ದೆ."

ಕ್ಯಾಷಿಯರಮ್ಮ ಹದ್ದಣ್ಣನ ಮುಖವನ್ನು ಕಣ್ಣು ಮಿಟುಕಿಸದೆ ನೋಡಿದರು. "ಮುಖ ನೋಡಬೇಕಿತ್ತು, ನೋಡಿದೆ. ಕ್ಷಮಿಸಿದೀನಿ ಅಂತ ನನ್ನ ಬಾಯಲ್ಲಿ ಬರಲ್ಲ, ಕಾಯಬೇಡಿ," ಎಂದು ಹೇಳಿ, ಆಟೋ ಕರೆಯಲು ಮೀಸೆಗೆ ಸನ್ನೆ ಮಾಡಿದರು.

ಎರಡು ದಿನದ ನಂತರ ಚುಕ್ಕಿಯ ಅಮಾನತು ರದ್ದಾಯಿತು. ಆದೇಶದ ಕೊನೆಯಲ್ಲಿ, ಸಂದೇಹದ ಲಾಭ ನೀಡಿ, ಎಚ್ಚರಿಕೆಯೊಂದಿಗೆ ಕರ್ತವ್ಯಕ್ಕೆ ಸೇರಿಸಿಕೊಳ್ಳಲಾಗಿದೆ ಎಂದು ಬರೆದಿತ್ತು. ಅವಳು ಅದನ್ನು ಓದಿ, ಆ ಸಾಲಿನ ಕೆಳಗೆ ಗೀಟು ಎಳೆದು, ಸಹಿ ಮಾಡದೆ ವಾಪಸು ಕಳಿಸಿದಳು. ಇದರಲ್ಲಿ ಸಂದೇಹ ಎಲ್ಲಿದೆ ತೋರಿಸಿ ಎಂದು ಜೊತೆಗೊಂದು ಚೀಟಿ. ದೊಡ್ಡ ಸಾಹೇಬರು ಇನ್‌ಸ್ಪೆಕ್ಟರರಿಗೆ ಫೋನು ಮಾಡಿ, ಆ ಹುಡುಗಿಗೆ ಬುದ್ಧಿ ಹೇಳಿ ಎಂದರು. ಇನ್‌ಸ್ಪೆಕ್ಟರ್ ನನ್ನಿಂದ ಆಗುವ ಕೆಲಸವಲ್ಲ ಸರ್ ಎಂದರು. ಮತ್ತೆ ಟೈಪಾಗಿ ಬಂದ ಆದೇಶದಲ್ಲಿ ಆ ಸಾಲು ಇರಲಿಲ್ಲ. ಅವಳು ಅದಕ್ಕೆ ಸಹಿ ಮಾಡಿದಳು.

ಹದ್ದಣ್ಣನ ಹೇಳಿಕೆ ಚಿಕ್ಕದು. ಕೆಲಸ ಹೋಗುತ್ತದೆಂಬ ಭಯ ತನಗಿರಲಿಲ್ಲ, ಪಿಂಚಣಿ ಹೇಗೂ ಬರುತ್ತಿತ್ತು ಎಂದು ಅವನೇ ಬರೆಸಿದ. ಗೇಟಿನ ಕಾವಲಿಗೆ ಹಾಕುತ್ತಾರೆ, ಬಂದುಹೋಗುವ ಹುಡುಗರು ಹದ್ದಣ್ಣ ಎಂದು ಕರೆದು ನಗುತ್ತಾರೆ, ಅದನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ ಎಂದ. ಶಸ್ತ್ರಚಿಕಿತ್ಸೆ ಮಾಡಿದರೆ ಪೊರೆ ಹೋಗುತ್ತದೆಂದು ಅವನಿಗೆ ತಿಳಿದಿತ್ತು. ಮಾಡಿಸಿಕೊಂಡರೆ ಇತ್ತೆಂದು ಒಪ್ಪಿಕೊಂಡ ಹಾಗಾಗುತ್ತಿತ್ತು.

ನ್ಯಾಯಾಲಯಕ್ಕೆ ಹೋಗುವ ದಾರಿಯಲ್ಲಿ, ಜೀಪಿನಲ್ಲಿ, ಇನ್‌ಸ್ಪೆಕ್ಟರ್ ಹೇಳಿಕೆಯಲ್ಲಿಲ್ಲದ ಒಂದು ಪ್ರಶ್ನೆ ಕೇಳಿದರು.

"ಅವಳು ಆ ರೈಫಲ್ ತಗೊಂಡು ತಾರಸಿ ಹತ್ತಿದ್ದು ನಿಮಗೆ ವೈರ್‌ಲೆಸ್ಸಲ್ಲಿ ಕೇಳಿಸ್ತಲ್ಲ. ಒಂದು ಮಾತು ಹೇಳಬಹುದಿತ್ತು."

ಹದ್ದಣ್ಣ ಕಿಟಕಿಯಾಚೆ ಓಡುತ್ತಿದ್ದ ಅಂಗಡಿಗಳನ್ನು ನೋಡುತ್ತಿದ್ದ.

"ಮೈಕು ಕೈಯಲ್ಲೇ ಇತ್ತು," ಅವನು ಹೇಳಿದ. "ಗುಂಡಿ ಒತ್ತಿದೆ. ಬಾಯಿ ತೆರೆದೆ. ನಿನಗೆ ಹೇಗೆ ಗೊತ್ತು ಅಂತ ಕೇಳಿದ್ರೆ ಏನು ಹೇಳಲಿ ಅಂತ ಒಂದು ಗಳಿಗೆ ಯೋಚನೆ ಮಾಡಿದೆ. ಅಷ್ಟರಲ್ಲಿ ಹೊಡೆದ ಸದ್ದು ಕೇಳಿಸ್ತು."